ನೂಲಿನೊಳಗೆ ಹೊಸೆದ ಬಿಳಿಕೂದಲು

ಬೀದರದ ನೌಬಾದದಲ್ಲಿರುವ ನನ್ನ ಮಗಳ ಮನೆಗೆ ನಾಲ್ಕು ಕ್ಯಾಮೆರಾ ಇವೆ. ಒಂದು ಗೇಟಿಗೆ, ಒಂದು ಅಂಗಡಿಗೆ, ಒಂದು ಓಣಿಗೆ, ನಾಲ್ಕನೆಯದು ಹಿತ್ತಲಿನ ಬಟ್ಟೆ ಹಗ್ಗಕ್ಕೆ. ಆ ಹಗ್ಗದ ಮೇಲೆ ಒಣಗುವುದು ನನ್ನ ಎರಡು ಸೀರೆ, ಅಳಿಯನ ಬನಿಯನ್. ಅವನ್ನು ಕದಿಯಲು ಯಾವನಾದರೂ ಗೋಡೆ ಹಾರಿ ಬಂದರೆ, ಹಿಡಿಯುವ ಮೊದಲು ಅವನಿಗೆ ಎರಡು ರೊಟ್ಟಿ ಕೊಡಬೇಕು. ಅಷ್ಟು ಗತಿಗೆಟ್ಟವನೇ ಆಗಿರುತ್ತಾನೆ.

ಅಳಿಯ ಮನೆಯ ಮುಂದಿನ ಕೋಣೆಯಲ್ಲಿ ನಲ್ಲಿ, ಪೈಪು, ಮೊಳೆ ಮಾರುವ ಅಂಗಡಿ ಇಟ್ಟಿದ್ದಾನೆ. ಒಳಗೆ ಊಟಕ್ಕೆ ಕೂತಾಗ ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಮೊಬೈಲು. ಹತ್ತು ಹೆಜ್ಜೆ ಆಚೆಗಿರುವ ತನ್ನ ಅಂಗಡಿಯನ್ನು ಆ ಮೊಬೈಲಿನಲ್ಲಿ ನೋಡುತ್ತ ಉಣ್ಣುತ್ತಾನೆ. ಪಲ್ಯಕ್ಕೆ ಉಪ್ಪು ಬಿದ್ದಿಲ್ಲವೆಂಬುದು ಅವನಿಗೆ ಗೊತ್ತಾಗುವುದೇ ಇಲ್ಲ.

"ಈ ಜಮಾನಾದಾಗ ಯಾರ ಮ್ಯಾಲೂ ಭರೋಸಾ ಇಡಂಗಿಲ್ರಿ ಅತ್ತಿ," ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ತಾನೇ ಬಾವಿ ತೋಡಿ ನೀರು ಕಂಡವನ ಹಾಗೆ ಮುಖ ಮಾಡಿಕೊಂಡು ಹೇಳುತ್ತಾನೆ. ಸಾಲಿಯಲ್ಲಿ ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ಆದರೆ ಈ ಅಪನಂಬಿಕೆಯ ಸಾಲಿಯನ್ನು ಅವನು ಹುಟ್ಟುವ ಮೊದಲೇ ಪೂರ್ತಿ ಮುಗಿಸಿದವಳು ನಾನು. ಅವನ ನಾಲ್ಕು ಕ್ಯಾಮೆರಾ ನನ್ನವ್ವನ ಒಂದು ಕಣ್ಣಿಗೆ ಸಮನಲ್ಲ.

ನನ್ನ ತವರು, ಗಂಡನ ಮನೆ ಎರಡೂ ಔರಾದ ತಾಲೂಕಿನ ಹಳ್ಳಿಗಳು. ಎರಡೂ ಕಡೆ ಕುರಿ. ನಮ್ಮಲ್ಲಿ ಗಂಡಸರು ಕುರಿ ಕಾಯ್ದರೆ ಹೆಂಗಸರು ಉಣ್ಣೆ ಬಿಡಿಸಿ, ರಾಟಿಯಲ್ಲಿ ನೂತು, ನೂಲನ್ನು ಉಂಡೆ ಸುತ್ತುತ್ತಿದ್ದರು. ಆ ಉಂಡೆಗಳನ್ನು ಕಂಬಳಿ ನೇಯುವವನಿಗೆ ಕೊಟ್ಟು ಸುಮ್ಮನೆ ಮನೆಗೆ ಬರುವ ಹೆಂಗಸನ್ನು ದಡ್ಡಿ ಎನ್ನುತ್ತಿದ್ದರು. ಜಾಣೆಯಾದವಳು ಬುತ್ತಿ ಕಟ್ಟಿಕೊಂಡು ಹೋಗಿ ಮಗ್ಗದ ಪಕ್ಕದಲ್ಲಿ ಕೂರಬೇಕು. ಅಂಗಳದಲ್ಲಿ ನೂಲಿನ ಹಾಸು ಚಾಚಿ, ಹುಣಸೆಬೀಜದ ಗಂಜಿ ಹಚ್ಚಿ, ಒಣಗಿಸಿ, ನೇಯ್ದು, ಕಂಬಳಿಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವವರೆಗೂ ಏಳಬಾರದು. ಇದಕ್ಕೆ ಮಗ್ಗ ಕಾಯುವುದು ಎಂದು ಹೆಸರು. ಮರಿಯ ಮೆತ್ತಗಿನ ಉಣ್ಣೆ ತೆಗೆದಿಟ್ಟುಕೊಂಡು ಮುದಿ ಕುರಿಯ ಒರಟು ಉಣ್ಣೆ ಸೇರಿಸುವುದು ನೇಯುವವರ ಹುಟ್ಟುಗುಣ ಎಂದು ನಮಗೆಲ್ಲ ಗೊತ್ತಿತ್ತು. ಯಾರು ನೋಡಿದ್ದರು ಎಂದು ಯಾರೂ ಕೇಳಲಿಲ್ಲ.

ಅವ್ವ ಮಗ್ಗ ಕಾಯಲು ಹೋದಾಗ ನೇಯುವವರ ಮನೆಯ ಚಹಾ ಮುಟ್ಟುತ್ತಿರಲಿಲ್ಲ. "ಚಾ ಕುಡಿಸಿ, ಮಾತಾಡ್ಸಿ, ಮಾರಿ ಆ ಕಡಿ ತಿರುಗಿಸ್ತಾರ. ಆಟೊತ್ತಿಗೆ ಎರಡ ಉಂಡಿ ಸೀರ್ಯಾಗ ಹೋಗಿರ್ತಾವ," ಎಂದು ನನಗೆ ಕಲಿಸಿದಳು. ನಾನು ಅವಳಿಗಿಂತ ಒಂದು ಕೈ ಮೇಲೆ. ಬಾಣಂತಿಯಾಗಿ ತಿಂಗಳೊಪ್ಪತ್ತು ಕಳೆಯುವುದರೊಳಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮಗ್ಗ ಕಾಯ್ದವಳು ನಾನು. ಇಷ್ಟು ವರ್ಷ ಕಾಯ್ದು ಅವ್ವನಾಗಲಿ ನಾನಾಗಲಿ ಒಬ್ಬ ಕಳ್ಳನನ್ನೂ ಹಿಡಿಯಲಿಲ್ಲ. ಕಾಯ್ದದ್ದಕ್ಕೇ ಕಳವಾಗಲಿಲ್ಲ ಎಂದುಕೊಂಡು ಇನ್ನೂ ಬಿಗಿಯಾಗಿ ಕಾಯ್ದೆವು. ನಮ್ಮಂಥ ಜಾಣೆಯರು.

ನಮ್ಮ ಮನೆಯವರು ಬೇರೆ ನಮೂನೆ. ಸಂತೆಯಲ್ಲಿ ಕುರಿಯ ಹಗ್ಗವನ್ನು ಪಕ್ಕದಲ್ಲಿ ನಿಂತವನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಆ ಮನುಷ್ಯ ಯಾರು, ಯಾವ ಊರು, ಕೇಳುತ್ತಿರಲಿಲ್ಲ. ಅವರು ಇರುವವರೆಗೂ ಆ ದಡ್ಡತನಕ್ಕೆ ಬೈದೆ. ಹಾಗೆ ಕೊಟ್ಟ ಒಂದು ಕುರಿಯೂ ಕಳೆದುಹೋಗಲಿಲ್ಲ. ಅದನ್ನು ನಾನು ಅವರ ದೈವ ಎಂದೆ, ಬುದ್ಧಿ ಎನ್ನಲಿಲ್ಲ.

ಅವರು ಹೋದಮೇಲೆ ಎರಡು ವರ್ಷ ನಾನೇ ಮಂದೆ ನಡೆಸಿದೆ. ಆಮೇಲೆ ಮೊಣಕಾಲು ಕೈಕೊಟ್ಟವು, ಮಾರಿದೆ. ಅದಕ್ಕೆ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಆದರೆ ಮಾರುವ ಮೊದಲು ಆ ವರ್ಷದ ಮರಿಗಳ ಮೊದಲ ಉಣ್ಣೆ ಕತ್ತರಿಸಿ ಚೀಲದಲ್ಲಿ ತುಂಬಿಟ್ಟೆ. ಕಾಡಿಗೆಯಂಥ ಕಪ್ಪು. ಸರಿಯಾಗಿ ಒಂದು ಕಂಬಳಿಗೆ ಆಗುವಷ್ಟು. ಅದು ಹೋದರೆ ಮತ್ತೆ ತರಲು ಆ ಕುರಿಗಳಿಲ್ಲ.

ಆ ಕಂಬಳಿ ಯಾರಿಗೆ ಎಂಬುದೂ ಗೊತ್ತಿತ್ತು. ಇದೇ ಮಗಳ ಮಗಳಿಗೆ. ನಮ್ಮವರ ಮದುವೆಯಲ್ಲಿ ಮೊದಲು ಕರಿ ಕಂಬಳಿ ಹಾಸಿ ಅದರ ಮೇಲೆ ಗದ್ದುಗೆ ಮಾಡುತ್ತಾರೆ, ಕಳಸ ಕೂರಿಸುತ್ತಾರೆ. ಅದರ ಮುಂದೆಯೇ ಉಳಿದದ್ದೆಲ್ಲ. ಮನೆಯ ಮಂದೆಯ ಉಣ್ಣೆಯ ಕಂಬಳಿಯಾದರೆ ಹೆಣ್ಣಿನ ಕಡೆಯವರು ತಲೆ ಎತ್ತಿ ನಿಲ್ಲುತ್ತಾರೆ. ನಮ್ಮ ಮನೆಯ ಮಂದೆಯ ಹೆಸರಿನಲ್ಲಿ ಉಳಿದಿದ್ದದ್ದು ಆ ಒಂದು ಚೀಲ.

ಮೊಮ್ಮಗಳ ಮದುವೆ ಗಟ್ಟಿಯಾದ ತಿಂಗಳೇ ನನ್ನ ಎರಡೂ ಕಣ್ಣಿನ ಪೊರೆ ಬಲಿತಿತ್ತು. ನೂಲಲು ತೊಂದರೆಯಾಗಲಿಲ್ಲ, ನೂಲುವುದು ಬೆರಳಿನ ಕೆಲಸ. ಆದರೆ ಎದುರಿಗೆ ಬಂದವರು ಗಂಡಸೋ ಹೆಂಗಸೋ ದನಿ ಕೇಳಿಯೇ ಹೇಳಬೇಕಾಗಿತ್ತು. ಬೀದರದ ದವಾಖಾನೆಯ ಡಾಕ್ಟರು ಒಂದು ಕಣ್ಣಿಗೆ ಮೊದಲು ಆಪರೇಷನ್ ಎಂದು ದಿನ ಕೊಟ್ಟರು. ಆಮೇಲೆ ಎರಡು ವಾರ ಧೂಳು, ಹೊಗೆ, ಉಣ್ಣೆ ಏನೂ ಹತ್ತಿರ ಬರಬಾರದು. ಈಗ ಊರಿಗೊಂದು ಮಗ್ಗವೂ ಇಲ್ಲ. ಭಾತಂಬ್ರಾದಲ್ಲಿ ಒಂದು ಮನೆಯವರು ಇನ್ನೂ ನೇಯುತ್ತಾರೆ, ಅವರ ಮಗ್ಗ ಖಾಲಿ ಇದ್ದದ್ದು ಅದೇ ಎರಡು ವಾರ.

"ಆಯಿ, ಕಣ್ಣ ಇಲ್ದ ಮಗ್ಗ ಹ್ಯಾಂಗ ಕಾಯ್ತಿ?" ಎಂದು ಮೊಮ್ಮಗಳು ಕೇಳಿದಳು. "ಮೂಗಿಲೆ ಏನ?"

"ನಿನ್ನ ಗಂಡನ ಮನಿಯವ್ರು ಕಣ್ಣ ಇದ್ದೂ ನಿನ್ನ ಒಪ್ಪ್ಯಾರ. ಸುಮ್ಕ ಕೂಡು," ಎಂದೆ.

ಅಳಿಯನ ಬಳಿ ಬೇರೆ ಉಪಾಯವಿತ್ತು. "ಭಾಲ್ಕಿ ಬಜಾರದಾಗ ರೆಡಿಮೇಡ್ ಸಿಗ್ತಾವ್ರಿ ಅತ್ತಿ. ಕರೀವೇ ಇರ್ತಾವ. ಪಾಸ್ ಆಗ್ತದ, ಯಾರ ನೋಡ್ತಾರ?"

ಅವನು ನಲ್ಲಿ ಮಾರುವುದೂ ಇದೇ ಮಾತು ಹೇಳಿ ಇರಬೇಕು. ಆ ಬಜಾರದ ಕಂಬಳಿಯನ್ನು ನಾನು ಮುಟ್ಟಿ ನೋಡಿದ್ದೇನೆ. ಗೋಣಿಚೀಲದ ತಮ್ಮ.

ಕಾಯಲು ಆಗುವುದಿಲ್ಲ, ಕೊಡದೆ ಗತಿಯಿಲ್ಲ. ಆಗ ನನ್ನ ತಲೆಗೊಂದು ವಿಚಾರ ಹೊಳೆಯಿತು. ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾಚಣಿಗೆಯಲ್ಲಿ ಸಿಕ್ಕ ನನ್ನ ಉದ್ದನೆಯ ಬಿಳಿಕೂದಲುಗಳನ್ನು ಕೂಡಿಹಾಕಿದೆ. ನೂಲುವಾಗ ಒಂದೊಂದು ಉಂಡೆಯ ನೂಲಿನಲ್ಲಿ ಎರಡೆರಡು ಕೂದಲು, ಒಂದು ಮೊದಲಿಗೆ, ಒಂದು ನಡುವೆ, ಉಣ್ಣೆಯ ಜೊತೆ ಹೊಸೆದೆ. ಹದಿನೆಂಟು ಉಂಡೆ, ಮೂವತ್ತಾರು ಕೂದಲು. ಕಂಬಳಿ ಬಂದಾಗ ಬಿಸಿಲಿಗೆ ಹಿಡಿದರೆ ಕಪ್ಪಿನಲ್ಲಿ ಬಿಳಿ ಮಿಂಚಬೇಕು. ಮಿಂಚದಿದ್ದರೆ ನೂಲು ಬದಲಾಗಿದೆ ಎಂದೇ ಅರ್ಥ. ಇದನ್ನು ಯಾರಿಗೂ ಹೇಳಲಿಲ್ಲ, ಮಗಳಿಗೂ. ಹೇಳಿದರೆ ಅವಳು ಅಳಿಯನಿಗೆ ಹೇಳುತ್ತಾಳೆ, ಅವನು ಊರಿಗೆಲ್ಲ ತನ್ನ ಐಡಿಯಾ ಎನ್ನುತ್ತಾನೆ.

ಭಾತಂಬ್ರಾಕ್ಕೆ ಮಗಳ ಜೊತೆ ಬಸ್ಸಿನಲ್ಲಿ ಹೋದೆ. ಭಾಲ್ಕಿಯಲ್ಲಿ ಇಳಿದು ಬೇರೆ ಬಸ್ಸು. ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡೇ ಕೂತಿದ್ದೆ. ನೇಯುವವನು ದನಿಯ ಮೇಲೆ ಐವತ್ತು ದಾಟಿದವನು, ನಾಲಿಗೆ ಚುರುಕು. ಅವನ ಹೆಂಡತಿ ತೆಳ್ಳಗೆ, ಮಾತು ಕಮ್ಮಿ, ಕೈ ಮೊಣಕೈವರೆಗೂ ಗಂಜಿ ಎಂದು ಮಗಳು ಆಮೇಲೆ ಹೇಳಿದಳು. ನನಗೆ ಮುಖ ಕಾಣಲಿಲ್ಲ. ಗಂಜಿಯ ಹುಳಿ ವಾಸನೆಯಿಂದಲೇ ಅವಳು ಎಲ್ಲಿ ನಿಂತಿದ್ದಾಳೆಂದು ಗೊತ್ತಾಗುತ್ತಿತ್ತು.

"ಬರ್ರಿ ಯಕ್ಕಾ. ಮಗ್ಗದ ಬಾಜೂಕ ಚಾಪಿ ಹಾಸ್ಲೇನ್ರಿ?" ಎಂದ ಅವನು. "ಔರಾದ ಕಡಿ ಹೆಣ್ಮಕ್ಕಳು ಬಂದ್ರ ಸಂಸಾರನೇ ಹೂಡ್ತಾರ."

"ಈ ಸರ್ತಿ ಕೂಡಂಗಿಲ್ಲ ತಮ್ಮಾ. ಕಣ್ಣಿಂದ ಆಪರೇಷನ್ ಅದ."

"ಹಂಗಂದ್ರ ನಮ್ಮ ನಸೀಬ ತೆರೀತು ಅನ್ರಿ."

ಅವನು ನಕ್ಕ. ನನ್ನ ಮಗಳೂ ನಕ್ಕಳು. ನಾನು ಮಾತ್ರ ಅದನ್ನು ಕಳ್ಳನ ಕಬೂಲಿ ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಗದ್ದುಗೆಗೆ ಹಾಸುವ ಕಂಬಳಿ ಎಂದು ಹೇಳಿ, ಹದಿನೆಂಟು ಉಂಡೆಯನ್ನು ಅವನ ಹೆಂಡತಿಯ ಮಡಿಲಿಗೆ ಒಂದೊಂದಾಗಿ ಎಣಿಸಿ ಹಾಕಿದೆ. ಅವಳು ಚಹಾ ತಂದಳು. ಬೇಡವೆಂದೆ.

ದವಾಖಾನೆಯಲ್ಲಿ ನನ್ನ ಹಾಸಿಗೆ ಬಾಗಿಲ ಪಕ್ಕ ಇತ್ತು. ಆಪರೇಷನ್‌ಗೆ ಮೊದಲು ಕೊರಳಿನದು, ಕಿವಿಯದು ಎಲ್ಲ ತೆಗೆಯಬೇಕೆಂದರು. ನನ್ನ ಬೋರಮಾಳದ ಬಂಗಾರದ ಗುಂಡುಗಳನ್ನು ಬೆರಳಿಂದ ಎಣಿಸಿ ಮಗಳ ಕೈಗೆ ಕೊಟ್ಟೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಕೈಗೆ ಎಣಿಸಿ ಕೊಟ್ಟೆ. "ಅವ್ವಾ, ನಾ ಓಡಿ ಹೋದ್ರ ಗಂಡನ ಮನಿಗೇ ಓಡತೇನಿ, ಅಡ್ರೆಸ್ ನಿನಗ ಗೊತ್ತದ," ಎಂದಳು.

ಕಣ್ಣಿಗೆ ಪಟ್ಟಿ ಬಿತ್ತು. ಇನ್ನೊಂದು ಕಣ್ಣು ಇದ್ದೂ ಇಲ್ಲ. ಪಕ್ಕದ ಹಾಸಿಗೆಯಲ್ಲಿ ಔರಾದ ಕಡೆಯವಳೇ ಒಬ್ಬ ಹೆಂಗಸು, ಅವಳಿಗೂ ಪಟ್ಟಿ. ಮಧ್ಯಾಹ್ನ ಮಗಳು ಮನೆಗೆ ಹೋಗಿದ್ದಾಗ ಆ ಹೆಂಗಸಿನ ಕಡೆಯವರು ಚಹಾ ತಂದರು. ಅವಳು ನನ್ನ ಕೈ ಹುಡುಕಿ ಒಂದು ಲೋಟ ಹಿಡಿಸಿದಳು. ಅವ್ವನ ಪಾಠ ನೆನಪಾಯಿತು. ಸದ್ದಿಲ್ಲದೆ ಮಂಚದ ಕೆಳಗೆ ಸುರಿದೆ. ಸದ್ದಾಯಿತು.

"ಯಾಕ್ರಿ ಅವ್ವಾ, ಚೆಲ್ಲಿದ್ರಿ?" ಎಂದಳು. "ವಿಷ ಹಾಕೀನಂತ ಅನ್ಸ್ತೇನ? ಹಾಕ್ಬೇಕಂದ್ರೂ ನಂಗ ಲೋಟ ಯಾವ್ದು ಕಾಣಂಗಿಲ್ಲ."

"ಕೈ ಜಾರ್ತು," ಎಂದೆ.

"ಹೌದ್ರಿ, ಜಾರ್ತದ," ಎಂದು ತನ್ನ ಚಹಾವನ್ನು ಸೊರ್ ಸೊರ್ ಕುಡಿದಳು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ನಾನು ಮೊದಲು ನೋಡಿದ್ದು ಬೋರಮಾಳ. ಎಲ್ಲ ಗುಂಡು ಇದ್ದವು. ಎರಡನೆಯದಾಗಿ ಕಂಡದ್ದು ಮಂಚದ ಕೆಳಗೆ ಒಣಗಿ ಅಂಟಿದ ಚಹಾದ ಕಲೆ. ಆ ಹೆಂಗಸು ಅಷ್ಟೊತ್ತಿಗೆ ಹೋಗಿದ್ದಳು. ಅವಳ ಮುಖ ನಾನು ನೋಡಲೇ ಇಲ್ಲ.

ಎರಡು ವಾರ ಕರಿ ಕನ್ನಡಕ ಹಾಕಿಕೊಂಡು ಕೂತು ಅಳಿಯನ ಜೊತೆ ಟಿವಿ ಕೇಳಿದೆ. ಯಾರು ಯಾರಿಗೆ ಮೋಸ ಮಾಡಿದರು ಎಂಬುದೇ ಅದರಲ್ಲಿ ಬೆಳಗಿನಿಂದ ಸಂಜೆಯವರೆಗೆ. ಅವನಿಗೆ ಅದನ್ನು ನೋಡಿದರೆ ಊಟ ಹೆಚ್ಚು ಸೇರುತ್ತದೆ. ಹದಿನೈದನೆಯ ದಿನ ಅವನ ಕಾರಿನಲ್ಲಿ ಭಾತಂಬ್ರಾಕ್ಕೆ ಹೊರಟೆವು. ಅಲ್ಲಿ ಇಳಿದು ಕಾರಿಗೆ ಕೀಲಿ ಹಾಕಿದ. ನಾಲ್ಕು ಹೆಜ್ಜೆ ನಡೆದು ಹೊರಳಿ ಹೋಗಿ ಬಾಗಿಲು ಎಳೆದು ನೋಡಿದ. ನೇಯುವವನ ಅಂಗಳ ಮುಟ್ಟುವ ತನಕ ಮೂರು ಸಲ ಎಳೆದು ನೋಡಿದ.

ಕಂಬಳಿ ಸಿದ್ಧವಾಗಿತ್ತು. ಅಂಗಳದ ಹಗ್ಗದ ಮೇಲೆ ಹಾಕಿದ್ದರು. ಹೊಸ ಕಣ್ಣಿಗೆ ಅಷ್ಟು ಕಪ್ಪು ಬಹಳ ದಿನದ ಮೇಲೆ ಕಂಡಿತು. ಅಂಚು ನೇರವಾಗಿತ್ತು, ನೇಯ್ಗೆ ಒತ್ತಾಗಿತ್ತು. ಇಬ್ಬರು ಮೂವರು ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಕನ್ನಡಕ ತೆಗೆದೆ, ಕಂಬಳಿಯನ್ನು ಬಿಸಿಲಿಗೆ ಹಿಡಿದೆ. ಈ ತುದಿ ನೋಡಿದೆ, ಆ ತುದಿ ನೋಡಿದೆ, ನಡುವೆ ನೋಡಿದೆ. ತಿರುಗಿಸಿ ನೋಡಿದೆ.

ಒಂದು ಬಿಳಿ ಎಳೆಯೂ ಇರಲಿಲ್ಲ.

ಸಿಟ್ಟು ಬರಬೇಕಿತ್ತು. ಅದಕ್ಕಿಂತ ಮೊದಲು ಬಂದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಕಾಯ್ದು ಕಾಯ್ದು ಕೊನೆಗೂ ಒಬ್ಬ ಕಳ್ಳ ಸಿಕ್ಕಿದ. ಅವ್ವ ಇದ್ದಿದ್ದರೆ ಕರೆದು ತೋರಿಸುತ್ತಿದ್ದೆ.

"ಇದು ನನ್ನ ನೂಲಲ್ಲ," ಎಂದೆ.

"ಏನಂದ್ರಿ?" ಎಂದ ನೇಯುವವನು.

"ನನ್ನ ನೂಲಲ್ಲ ಅಂದೆ. ಮರಿ ಉಣ್ಣಿ ನೀವು ಇಟ್ಕೊಂಡು ಯಾರ್ದೋ ಹಾಕಿ ನೇಯ್ದೀರಿ. ನನ್ನ ನೂಲಿಗಿ ಗುರ್ತ ಇತ್ತು. ಗುರ್ತ ಎಲ್ಲ್ಯದ?"

ಕಟ್ಟೆಯ ಹೆಂಗಸರು ಕಾಲು ಇಳಿಬಿಟ್ಟು ನೆಟ್ಟಗೆ ಕೂತರು. ಅಳಿಯ ಮೊಬೈಲನ್ನು ಎತ್ತಿ ಹಿಡಿದ, ವಿಡಿಯೋ ಮಾಡಲು. ನೇಯುವವನು ಒಳಗೆ ನೋಡಿ ಹೆಂಡತಿಗೆ ಹೇಳಿದ.

"ನಾ ಹೇಳಿದ್ನಿಲ್ಲ? ತಗೊಂಡ್ ಬಾ. ತಗೊಂಡ್ ಬಂದು ಯಕ್ಕನ ಕೈಯಾಗ ಕೊಡು."

ಅವಳು ಒಳಗೆ ಹೋಗಿ ದೇವರ ಗೂಡಿನ ಹತ್ತಿರದಿಂದ ಒಂದು ಸಣ್ಣ ಬಟ್ಟೆಯ ಗಂಟು ತಂದಳು. ಹಳೆಯ ಕುಪ್ಪಸದ ತುಂಡು. ನನ್ನ ಮುಂದೆ ಕೂತು ಬಿಚ್ಚಿದಳು. ಒಳಗೆ ನನ್ನ ಕೂದಲು. ಒಂದೊಂದನ್ನೂ ಗಂಜಿಯ ಅಂಟು ತೊಳೆದು, ಬೆರಳಿಗೆ ಸುತ್ತಿ, ಸಣ್ಣ ಸುರುಳಿ ಮಾಡಿ ಇಟ್ಟಿದ್ದಳು.

"ನೂಲಿಗಿ ಗಂಜಿ ಹಚ್ಚೋ ಮುಂದ ಕುಂಚಕ್ಕ ಸಿಗ್ಲತ್ತಿದ್ದು ಯಕ್ಕಾ," ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ಒಂದ ಉಂಡ್ಯಾಗ ಇದ್ರ ಅಕಸ್ಮಾತ ಬಿದ್ದಾದ ಅನ್ಬಹುದಿತ್ತು. ಎಲ್ಲಾದ್ರಾಗೂ ಎರಡೆರಡ ಇದ್ದು. ಗದ್ದುಗಿ ಕಂಬಳಿ ಅಂತ ಹೇಳಿದ್ರಿ. ಗದ್ದುಗಿ ಕೆಳಗ ಮನುಷ್ಯಾರ ಕೂದಲ ಬರಬಾರ್ದಲ್ರಿ. ಅದ್ಕ ನೂಲಿನ ಹುರಿ ಬಿಚ್ಚಿ ಬಿಚ್ಚಿ ತಗದೀನಿ. ಒಂದು ಹರಿದದ. ಎರಡೂ ತುಂಡ ಅದ್ರಾಗೇ ಅವ."

"ನಾ ಅಂತೂ ನೂಲ ಹೊಳ್ಳಿ ಕಳಸ್ತಿದ್ದೆ," ಎಂದ ಗಂಡ. "ಭರೋಸಾ ಇಲ್ದವ್ರ ನೂಲ ನಮ್ಮ ಮಗ್ಗಕ್ಕ ಬ್ಯಾಡ ಅಂದೆ. ಇಕಿ ಕೇಳ್ಲಿಲ್ಲ. ಎರಡ ದಿನ ಬಾಗಲಾಗ ಕೂತು ತಗದಾಳ. ಮಗ್ಗ ಎರಡ ದಿನ ಖಾಲಿ ಇತ್ತು."

ಗದ್ದುಗೆಯ ಕಂಬಳಿಯಲ್ಲಿ ಮನುಷ್ಯರ ಕೂದಲು ಬರಬಾರದು. ಇದು ನಮ್ಮ ಓಣಿಯ ಐದು ವರ್ಷದ ಹುಡುಗಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೆಂದಲ್ಲ. ಕಳ್ಳನನ್ನು ಹಿಡಿಯುವ ಉಮೇದಿನಲ್ಲಿ ನೆನಪೇ ಆಗಲಿಲ್ಲ. ಕಂಬಳಿ ಕೆಡಿಸಿದವಳು ನಾನು, ಕೆಡದಂತೆ ನೋಡಿದವಳು ಅವಳು.

ಅಷ್ಟೇ ಆಗಿದ್ದರೂ ಒಂದು ರೀತಿ ತಡೆದುಕೊಳ್ಳುತ್ತಿದ್ದೆ. ಅವಳು ಇನ್ನೊಂದು ಮಾತು ಹೇಳಿದಳು, ತಲೆ ಬಗ್ಗಿಸಿಕೊಂಡು, ಕಟ್ಟೆಯ ಹೆಂಗಸರಿಗೆ ಕೇಳಿಸದಂತೆ.

"ಹೆಣ್ಮಕ್ಕಳ ಕೂದಲ ಮಂದಿ ಮನ್ಯಾಗ ಬಿಡಬಾರ್ದಲ್ರಿ ಯಕ್ಕಾ. ಅದ್ಕ ಒಂದೂ ಒಗೀಲಾರ್ದ ಇಟ್ಟೀನಿ. ನೋಡ್ಕೊರಿ."

ನಮ್ಮ ಕಡೆ ಹೆಂಗಸರು ತಲೆ ಬಾಚಿದ ಕೂದಲನ್ನು ಅಂಗಳದಲ್ಲಿ ಬಿಡುವುದಿಲ್ಲ. ಯಾರ ಕೈಗಾದರೂ ಸಿಕ್ಕರೆ ಮಾಟ ಮಾಡಿಸುತ್ತಾರೆಂಬ ಹೆದರಿಕೆ. ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕುತ್ತೇವೆ, ಇಲ್ಲವೇ ಒಲೆಗೆ ಹಾಕುತ್ತೇವೆ. ನಾನು ಬಾಚಿದ ಕೂದಲನ್ನು ಸ್ವಂತ ಅತ್ತಿಗೆ ನಾದಿನಿಯರ ಕಣ್ಣಿಗೆ ಬೀಳಿಸಿದವಳಲ್ಲ. ಅಂಥವಳು, ಕಳ್ಳರೆಂದು ನಾನೇ ತೀರ್ಮಾನಿಸಿದ ಮನೆಯವರ ಮಡಿಲಿಗೆ ಮೂವತ್ತಾರು ಕೂದಲನ್ನು ನನ್ನ ಕೈಯಾರೆ ಹಾಕಿ ಬಂದಿದ್ದೆ. ಉಂಡೆ ಎಣಿಸಿ ಕೊಟ್ಟಿದ್ದೆ ಬೇರೆ. ಊರಿನ ಯಾವ ದಡ್ಡಿಯೂ ಮಾಡದ ಕೆಲಸ ಅದು. ಜಾಣೆಯರೇ ಮಾಡಬೇಕು.

ಆಮೇಲೆ ನಾನು ಮಾಡಿದ್ದನ್ನೂ ಹೇಳಬೇಕು. ಎಣಿಸಿದೆ. ಎಲ್ಲರ ಮುಂದೆ, ಹೊಸ ಕಣ್ಣಿನಿಂದ, ಒಂದೊಂದೇ ಸುರುಳಿ ಎತ್ತಿಟ್ಟು ಎಣಿಸಿದೆ. ಮೂವತ್ತೈದು, ಮತ್ತು ಎರಡು ತುಂಡು.

"ಸರಿ ಹತ್ತಿತೇನ್ರಿ ಯಕ್ಕಾ?" ಎಂದ ನೇಯುವವನು. "ಕಮ್ಮಿ ಬಂದ್ರ ನನ್ನ ತಲಿಯಾಗಿಂದ ಹಚ್ಚತೇನಿ. ಭಾಳ ಉಳದಿಲ್ಲ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ನನ್ನ ಅಳಿಯ, ವಿಡಿಯೋದಲ್ಲಿ ಏನೂ ಸಿಗಲಿಲ್ಲವೆಂದು ಮೊಬೈಲು ಇಳಿಸಿ, ನಡುವೆ ಬಂದ.

"ಕೂದಲ ತಗದ ಕೊಟ್ರ ಮುಗೀತೇನ್ರಿ ಅತ್ತಿ?" ಎಂದ. "ಕೂದಲ ತಗದು, ನೂಲ ಬದ್ಲಿ ಮಾಡಿದ್ರ? ಉಣ್ಣಿ ನಿಮ್ದೇ ಅಂತ ಸಬೂತ ಏನದ?"

"ಸಬೂತ ಇಲ್ರಿ ಸಾಹೇಬ್ರ," ಎಂದ ನೇಯುವವನು. "ಕುರಿ ಕರಕೊಂಡ್ ಬರ್ರಿ, ಕೇಳೋಣು."

ಅಳಿಯನನ್ನು ನಾನು ಬಹಳ ವರ್ಷದಿಂದ ಮನಸ್ಸಿನಲ್ಲೇ ಆಡಿಕೊಳ್ಳುತ್ತ ಬಂದವಳು. ಆದರೆ ಅವನು ಆ ಮಾತು ಹೇಳುವ ಮೊದಲೇ ಅದು ನನ್ನ ತಲೆಯಲ್ಲಿ ಬಂದು ಕೂತಿತ್ತು. ಅದೇ ಮಾತು, ಅದೇ ಕ್ರಮದಲ್ಲಿ. ಅವನ ಬಾಯಿಂದ ಕೇಳಿದಾಗ ಅದು ಎಷ್ಟು ಹೊಲಸಾಗಿದೆ ಎಂದು ಗೊತ್ತಾಯಿತು. ಕನ್ನಡಿಯಲ್ಲಿ ಮೀಸೆ ಬಂದ ನನ್ನ ಮುಖವೇ ಕಂಡ ಹಾಗೆ.

ಕಂಬಳಿಯನ್ನು ಮತ್ತೆ ಕೈಗೆತ್ತಿಕೊಂಡೆ. ಹೆಬ್ಬೆರಳಿನಿಂದ ಉಜ್ಜಿದೆ. ಮೆತ್ತಗಿತ್ತು. ಆದರೆ ಬೇರೆಯವರ ಮರಿಯ ಉಣ್ಣೆಯೂ ಮೆತ್ತಗೇ ಇರುತ್ತದೆ. ಮೂಸಿದೆ. ಗಂಜಿಯ ವಾಸನೆ. ಕುರಿ ಸಾಕಿದವಳು ನೋಡಿದ ಕೂಡಲೇ ತನ್ನ ಮಂದೆಯ ಉಣ್ಣೆ ಗುರುತು ಹಿಡಿಯುತ್ತಾಳೆ ಎಂದು ಜಂಬ ಕೊಚ್ಚುವವರಿದ್ದಾರೆ. ಸುಳ್ಳು. ನೂತು, ಗಂಜಿ ಹಚ್ಚಿ, ನೇಯ್ದಮೇಲೆ ಕಪ್ಪು ಉಣ್ಣೆ ಕಪ್ಪು ಉಣ್ಣೆಯೇ. ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ, ಇವತ್ತಿಗೂ ಇಲ್ಲ.

ಮೊನ್ನೆ ಮೊನ್ನೆ ದವಾಖಾನೆಯಲ್ಲಿ ಹೆಸರೂ ಕೇಳದ ಒಬ್ಬ ಡಾಕ್ಟರನಿಗೆ ಕಣ್ಣು ಕೊಟ್ಟು ಮಲಗಿದ್ದೆ. ಅವನು ಒಳಗೆ ಏನು ತೆಗೆದ, ಏನು ಇಟ್ಟ, ಎಣಿಸಿ ಕೊಡು ಎನ್ನಲಿಲ್ಲ. ಅವನು ಬಿಳಿ ಅಂಗಿ ಹಾಕಿದ್ದ, ಇವಳ ಕೈ ಗಂಜಿಯಾಗಿತ್ತು. ವ್ಯತ್ಯಾಸ ಅಷ್ಟೇ.

ಅವಳ ಕಣ್ಣು ನೋಡಿದೆ. ಅಂಚು ಕೆಂಪಾಗಿತ್ತು. ಕಪ್ಪು ನೂಲಿನಲ್ಲಿ ಕೂದಲು ಹುಡುಕಿದರೆ ಹಾಗೆಯೇ ಆಗುತ್ತದೆ, ಹೊಗೆಯಿಂದಲೂ ಆಗುತ್ತದೆ. ಸಾಕೆನಿಸಿತು. ಎಲ್ಲದಕ್ಕೂ ಎರಡನೆಯ ಅರ್ಥ ಹುಡುಕುತ್ತ ಅಂಗಳದಲ್ಲಿ ನಿಲ್ಲಲು ನನ್ನ ಮೊಣಕಾಲಿಗೂ ಶಕ್ತಿ ಇರಲಿಲ್ಲ.

"ಇದು ನನ್ನ ನೂಲೇ," ಎಂದೆ. ಕಟ್ಟೆಯ ಮೇಲಿದ್ದವರಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. "ನಾ ಅಂದದ್ದು ತಪ್ಪು."

"ಅತ್ತಿ, ಜರಾ ತಡೀರಿ," ಎಂದ ಅಳಿಯ.

"ನೀವು ಹೋಗಿ ಗಾಡಿ ಕೀಲಿ ನೋಡ್ಕೊಂಡ ಬರ್ರಿ, ಅಳಿಯಂದ್ರ."

ಅವನು ಹೋದ. ನಿಜವಾಗಿ ನೋಡಿಕೊಂಡು ಬರಲೇ ಹೋದ.

ನೇಯುವವನ ಹೆಂಡತಿ ಚಹಾ ತಂದಳು. ಕುಡಿದೆ. ಸಕ್ಕರೆ ಜಾಸ್ತಿ, ಹಾಲು ಕಮ್ಮಿ, ಶುಂಠಿ ಇಲ್ಲವೇ ಇಲ್ಲ. ಇಷ್ಟು ವರ್ಷ ಅವ್ವ ನನ್ನನ್ನು ಕಾಪಾಡಿದ್ದು ಇದರಿಂದಲೇ ಇರಬೇಕು. ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ. ಅವಳು ಕೂದಲಿನ ಗಂಟು ಕಟ್ಟಿ ನನ್ನ ಕೈಗೆ ಕೊಡಲು ಬಂದಳು.

"ನಿನ್ನ ಒಲಿಗಿ ಹಾಕು," ಎಂದೆ.

"ನೀವೇ ಒಯ್ರಿ ಯಕ್ಕಾ. ನಿಮ್ಮ ಮನಿ ಒಲಿಗಿ ಹಾಕ್ಕೊರಿ."

"ನಮ್ಮ ಮನ್ಯಾಗ ಗ್ಯಾಸ ಅದ. ನೀನೇ ಹಾಕು ತಂಗಿ. ಮದುವಿಗಿ ಬರ್ರಿ ಇಬ್ಬರೂ."

ಗಂಟನ್ನು ಸೆರಗಿಗೆ ಕಟ್ಟಿಕೊಂಡಳು. ಒಲೆ ಒಳಗಿತ್ತು. ನಾನು ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಟೆ. ಒಲೆಗೆ ಹಾಕಿದಳೋ ಇಲ್ಲವೋ ನೋಡಲು ನಿಲ್ಲಲಿಲ್ಲ. ಕುತ್ತಿಗೆ ತಿರುಗಿಸಬೇಕೆಂದು ಬಹಳ ಅನಿಸಿತು. ಕುತ್ತಿಗೆಯ ಚಟ ಅಷ್ಟು ಬೇಗ ಹೋಗುವುದಿಲ್ಲ.

ಭಾಲ್ಕಿಯ ರೈಲು ಗೇಟಿನಲ್ಲಿ ಕಾರು ನಿಂತಾಗ ಅಳಿಯ ಕೇಳಿದ. "ಆ ಗಂಟ ಎಲ್ಲದ್ರಿ?"

"ಅಲ್ಲೇ ಬಿಟ್ಟು ಬಂದೀನಿ."

"ಮಂದಿ ಮನ್ಯಾಗ? ನಿಮ್ಮ ಕೂದಲಾ? ಏನಾರ ಮಾಟ ಗೀಟ ಮಾಡಿದ್ರ?"

"ಮಾಡವ್ರ ಇದ್ರ ಇಷ್ಟೊತ್ತಿಗಿ ಮಾಡಿ ಮುಗಸ್ತಿದ್ರು. ಎರಡ ವಾರ ಅವರ ಬಲ್ಲೇ ಇತ್ತು. ಗೇಟ ತೆಗದ್ರು, ನಡಸ್ರಿ."

ನನ್ನ ತಲೆ ಕೆಟ್ಟಿದೆ ಎಂದು ಅವನು ರಾತ್ರಿ ಮಗಳಿಗೆ ಹೇಳಿದನಂತೆ. ಮಾಟ ಈಗಾಗಲೇ ಹತ್ತಿದೆ ಎಂಬ ಅನುಮಾನವೂ ಅವನಿಗಿದೆ.

ಮದುವೆಯ ದಿನ ಕಂಬಳಿ ಹಾಸಿದರು, ಕಳಸ ಕೂರಿಸಿದರು. ಔರಾದ ಕಡೆಯಿಂದ ಬಂದ ನಮ್ಮ ಹಳೆಯ ಹೆಂಗಸರು ಮದುಮಗಳನ್ನು ನೋಡುವ ಮೊದಲು ಕಂಬಳಿಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ನನ್ನ ಹಿರಿ ನಾದಿನಿ ನನ್ನ ಕಡೆ ತಿರುಗಿದಳು.

"ನಮ್ಮ ಕುರೀದೇ ಉಣ್ಣಿ ಏನ?"

"ಹ್ಞೂಂ."

"ಮಗ್ಗ ಯಾರ ಕಾಯ್ದ್ರು?"

"ಯಾರೂ ಕಾಯ್ದಿಲ್ಲ."

ಅವಳು ಪಕ್ಕದವಳ ಮುಖ ನೋಡಿದಳು. ಪಕ್ಕದವಳು ತುಟಿ ಸೊಟ್ಟ ಮಾಡಿದಳು. ಆ ಸೊಟ್ಟ ತುಟಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಅದನ್ನು ಹೊತ್ತು ತಿರುಗಿದವಳು ನಾನೇ. ನೇಯುವವನ ಹೆಂಡತಿ ಬಂದಿದ್ದಳು, ಹಿಂದಿನ ಸಾಲಿನಲ್ಲಿ, ಕೈ ತೊಳೆದುಕೊಂಡು, ಹಸಿರು ಸೀರೆ ಉಟ್ಟು. ಎದ್ದು ಹೋಗಿ ಅವಳ ಪಕ್ಕ ಕೂತೆ. ಅಲ್ಲಿಂದ ಗದ್ದುಗೆ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನೊಂದು ಕಣ್ಣಿನ ಆಪರೇಷನ್ ಇನ್ನೂ ಆಗಿಲ್ಲ.

"ಅಕ್ಷತಾ ಹಾಕ್ಲಕತ್ತಾರ ಯಕ್ಕಾ," ಎಂದಳು.

ನಾನೂ ಹಾಕಿದೆ.